ವೀರಗಲ್ಲಿನ ಅಳತೆಯ ಕಾಳಗ

ಕಾರವಾರ–ಅಂಕೋಲೆಗಳ ಸೀಮೆಯಲ್ಲಿ ಕಾಳಗವೆಂಬುದನ್ನು ಕಣ್ಣಾರೆ ಕಾಣದೆ ಬೆಳೆದವರು ವಿರಳವೆಂದೇ ಹೇಳಬೇಕು. ಕೊಯ್ಲು ಮುಗಿದು ಗದ್ದೆಯ ನೆಲ ಗಟ್ಟಿಯಾಯಿತೆಂದರೆ ಇಂದು ಈ ಊರಿನಲ್ಲಿ ನಾಳೆ ಆ ಊರಿನಲ್ಲಿ ಬಯಲಾಟ ನಡೆಯುತ್ತಿದ್ದ ಈ ಪ್ರಾಂತದಲ್ಲಿ, ಎಷ್ಟೋ ಪ್ರಸಂಗಗಳ ಹೆಸರುಗಳೇ ಕಾಳಗಗಳಾಗಿದ್ದು, ಇರುಳು ಇಳಿಮುಖವಾಗುವ ಹೊತ್ತಿಗೆ ಭಾಗವತನ ಏರುಪದಕ್ಕೆ ಚಂಡೆಯ ಪೆಟ್ಟು ಕೂಡಿ, ಪುಂಡುವೇಷದವನು ಮಂಡಿಯೂರಿ ಗಿರಗಿರನೆ ಸುತ್ತುತ್ತ ರಂಗಸ್ಥಳವನ್ನೆಲ್ಲ ಸೂರೆಗೊಳ್ಳುವ ಆ ಗಳಿಗೆಗಾಗಿ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂರುತ್ತಿದ್ದುದುಂಟು. ಆ ಕಾಳಗದಲ್ಲಿ ಯಾವ ಆಯುಧವೂ ಎದುರಾಳಿಯ ಮೈಗೆ ತಾಕುವುದಿಲ್ಲ. ಬಾಣಪ್ರಯೋಗವೆಂಬುದು ಕೈಬೆರಳುಗಳ ಒಂದು ಸನ್ನೆ. ಪೆಟ್ಟು ಬಿದ್ದಿತೆಂಬ ಸುದ್ದಿಯನ್ನು ನಮಗೆ ಮುಟ್ಟಿಸುವವನು ಚಂಡೆಯವನೇ ಹೊರತು ಖಡ್ಗ ಹಿಡಿದವನಲ್ಲ. ಅಷ್ಟೇ ಅಲ್ಲ, ಆಯುಧವನ್ನೆತ್ತುವುದಕ್ಕೆ ಮೊದಲು ಇಬ್ಬರೂ ಅರ್ಧ ಗಂಟೆಯಾದರೂ ವಾದಿಸಬೇಕು: ನೀನು ಯಾರ ಪರವಾಗಿ ಬಂದೆ, ಯಾರ ಅನ್ನದ ಋಣ ನಿನ್ನ ಮೇಲಿದೆ, ಯಾವ ಛಲಕ್ಕಾಗಿ ಪ್ರಾಣ ಕೊಡಹೊರಟಿರುವೆ? ಈ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಬಯಲಾಟದಲ್ಲಿ ಕಾಳಗ ಆರಂಭವಾಗುವಂತಿಲ್ಲ.

ಇಂಥ ಆಟಗಳಲ್ಲಿ ಪಳಗಿದ ಕಣ್ಣು, ಕಾಳಿಯ ದಂಡೆಯ ಕಿನ್ನರದಂಥ ಹಳ್ಳಿಯಿಂದಲೋ ಅಂಕೋಲೆಯ ಒಳನಾಡಿನಿಂದಲೋ ಪೇಟೆಯ ಟಾಕೀಸಿಗೆ ಬಂದು ‘ಫೈಟಿಂಗ್ ಪಿಕ್ಚರ್’ ಎಂದು ಜನ ಕರೆಯುವ ಚಿತ್ರಗಳನ್ನು ನೋಡತೊಡಗಿದಾಗ, ಅದಕ್ಕೆ ಮೊದಮೊದಲು ಆಗುವ ಆಶ್ಚರ್ಯವೆಂದರೆ ಅಲ್ಲಿ ಪೆಟ್ಟು ಹೇರಳ, ಪ್ರಶ್ನೆ ಅತ್ಯಲ್ಪ ಎಂಬುದು. ನಾಯಕನು ನಾಯಕನಾಗಿರುವುದರಿಂದಲೇ ಹೊಡೆಯುತ್ತಾನೆ. ದುಷ್ಟನು ದುಷ್ಟನಾಗಿರುವುದರಿಂದಲೇ ಹೊಡೆಸಿಕೊಳ್ಳುತ್ತಾನೆ. ಈ ಬಗೆಯ ನೂರಾರು ಚಿತ್ರಗಳ ನಡುವೆ, ಪೆಟ್ಟನ್ನೂ ಪ್ರಶ್ನೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಹೊರಟ ಕನ್ನಡ ಚಿತ್ರವೊಂದಿದೆ. 1978ರಲ್ಲಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’. ಯುದ್ಧಕಲೆಯನ್ನೇ ತನ್ನ ವಿಷಯವನ್ನಾಗಿಯೂ ತನ್ನ ಶೈಲಿಯನ್ನಾಗಿಯೂ ಆರಿಸಿಕೊಂಡ ಚಿತ್ರ ಕನ್ನಡದಲ್ಲಿ ಅದಕ್ಕೆ ಮುಂಚೆ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಅದರ ನಂತರ ಬಂದವುಗಳಲ್ಲಿಯೂ ಅದರ ಸಮೀಪಕ್ಕೆ ಸುಳಿಯುವಂಥವು ನನಗಂತೂ ಕಾಣವು.

ಈ ಚಿತ್ರವನ್ನು ನಮ್ಮ ಜಿಲ್ಲೆಯವರು ತಮ್ಮದೆಂದು ಹೇಳಿಕೊಳ್ಳುವುದಕ್ಕೆ ಸಾಕಷ್ಟು ಕಾರಣಗಳಿವೆ. ಕಾರ್ನಾಡರು ಬಾಲ್ಯವನ್ನು ಕಳೆದದ್ದು ಘಟ್ಟದ ಮೇಲಿನ ಶಿರಸಿಯಲ್ಲಿ. ಅಲ್ಲಿಗೆ ಬರುತ್ತಿದ್ದ ನಾಟಕ ಮಂಡಳಿಗಳನ್ನೂ ಯಕ್ಷಗಾನದ ಆಟಗಳನ್ನೂ ನೋಡಿದ ಅನುಭವವು ತಮ್ಮ ರಂಗಜೀವನಕ್ಕೆ ತಳಹದಿಯಾಯಿತೆಂದು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಚಿತ್ರದ ನಾಯಕನಾದ ಗಂಡುಗಲಿಯ ಪಾತ್ರದಲ್ಲಿ ಪ್ರಥಮ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡ ಶಂಕರನಾಗ್ ಘಟ್ಟದ ಕೆಳಗಿನ ಹೊನ್ನಾವರದ ಕಡೆಯವರು. 1954ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ಕೈಯಲ್ಲಿದ್ದ ಬಂಡವಾಳವೆಂದರೆ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಗಳಿಸಿದ ಅಭ್ಯಾಸ. ಉತ್ತರ ಕನ್ನಡ ಜಿಲ್ಲೆ 1862ರಿಂದ ರಾಜ್ಯಗಳ ಪುನರ್ವಿಂಗಡಣೆಯ ತನಕ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ನಮ್ಮ ಕರಾವಳಿಯ ಚತುರರು ಅನ್ನವನ್ನೂ ಕಲೆಯನ್ನೂ ಅರಸಿಕೊಂಡು ಬೆಂಗಳೂರಿಗೆ ಬದಲಾಗಿ ಮುಂಬಯಿಯ ದಾರಿ ಹಿಡಿಯುತ್ತಿದ್ದುದು ವಾಡಿಕೆಯೇ ಆಗಿತ್ತು. ಹೀಗೆ ಶಿರಸಿ ಧಾರವಾಡಗಳ ದಾರಿಯಿಂದ ಬಂದ ಒಬ್ಬರೂ, ಹೊನ್ನಾವರ ಮುಂಬಯಿಗಳ ದಾರಿಯಿಂದ ಬಂದ ಇನ್ನೊಬ್ಬರೂ ಹೊಯ್ಸಳರ ಕಾಲದ ಒಂದು ಕಾಡಿನಲ್ಲಿ ಸಂಧಿಸಿದರು.

ನಿರ್ಮಾಪಕರು ಜಿ. ಎನ್. ಲಕ್ಷ್ಮೀಪತಿ, ಐದು ವರ್ಷಗಳ ಹಿಂದೆ ಕಾರ್ನಾಡರ ‘ಕಾಡು’ ಚಿತ್ರಕ್ಕೆ ಹಣ ಹೂಡಿದ್ದವರೂ ಅವರೇ. ಛಾಯಾಗ್ರಹಣ ಅಪೂರ್ವ ಕಿಶೋರ ಬೀರ್ ಅವರದು, ಸಂಗೀತ ಭಾಸ್ಕರ ಚಂದಾವರಕರರದು. ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. 1979ರಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರನಾಗ್ ಅವರಿಗೆ ಶ್ರೇಷ್ಠ ನಟನೆಂಬ ಪ್ರಶಸ್ತಿಯೂ ಲಭಿಸಿತು. ಪ್ರಶಸ್ತಿಗಳನ್ನು ಇಷ್ಟಕ್ಕೇ ಬಿಡೋಣ. ಅವು ಚಿತ್ರವನ್ನು ಕುರಿತು ಹೇಳುವುದು ಸ್ವಲ್ಪ.

ಕಥೆಯೆಂಬುದು ನೋಡಹೋದರೆ ಬಲು ಸರಳ. ಹದಿಮೂರನೆಯ ಶತಮಾನ; ಹೊಯ್ಸಳರ ದೊಡ್ಡ ಸಾಮ್ರಾಜ್ಯದ ಅಂಚಿನಲ್ಲಿ ಹೆಸರಿಗಷ್ಟೇ ಅರಸರಾದ ಇಬ್ಬರು ಸೋದರರು; ಇಬ್ಬರಿಗೂ ಬದ್ಧದ್ವೇಷ. ಯಾರಿಗೂ ಸೇರದ, ಯಾರ ಕೂಲಿಗಾದರೂ ಕತ್ತಿ ಹಿಡಿಯಬಲ್ಲ ಗಂಡುಗಲಿಯೆಂಬ ಯೋಧ ಒಬ್ಬ ಸೋದರನ ಕೈಗೆ ಸಿಕ್ಕಿ, ಅವನ ಬಡ ಪಡೆಯನ್ನು ತಿದ್ದಿ ತೀಡುವ ಕೆಲಸಕ್ಕೆ ಒಪ್ಪಿಕೊಳ್ಳುತ್ತಾನೆ. ಇನ್ನೊಬ್ಬ ಸೋದರನ ಬಳಿ ಪೆರ್ಮಾಡಿಯೆಂಬ ನುರಿತ ದಳಪತಿಯಿದ್ದಾನೆ. ಈ ಪಾತ್ರ ಸುಂದರಕೃಷ್ಣ ಅರಸರದು. ಸರಿಸಮಾನರಾದ ಇವರಿಬ್ಬರೂ ಪರಸ್ಪರ ಕೊಲ್ಲುವುದಕ್ಕಾಗಿಯೇ ಇಡಲ್ಪಟ್ಟವರಾದರೂ, ತಾವು ದುಡಿದ ಒಡೆಯರ ಯೋಗ್ಯತೆಯನ್ನು ಕಂಡುಕೊಂಡ ಮೇಲೆ, ಅವರ ಕತ್ತಿಗಳು ತಿರುಗುವ ದಿಕ್ಕು ಬದಲಾಗುತ್ತದೆ. ಮುಂದಿನದನ್ನು ಚಿತ್ರವನ್ನಿನ್ನೂ ನೋಡದವರ ಪಾಲಿಗೆ ಬಿಡುವುದು ವಿಹಿತ.

ಮೊಟ್ಟಮೊದಲಿಗೆ ಗಮನಿಸತಕ್ಕದ್ದು ಈ ಯುದ್ಧದ ಗಾತ್ರವನ್ನು. ಕನ್ನಡದಲ್ಲಿ ಐತಿಹಾಸಿಕ ಚಿತ್ರವೆಂದರೆ 1960ರ ‘ರಣಧೀರ ಕಂಠೀರವ’, 1970ರ ‘ಶ್ರೀ ಕೃಷ್ಣದೇವರಾಯ’, ನಮ್ಮ ಜಿಲ್ಲೆಯ ಬನವಾಸಿಯ ಕದಂಬರನ್ನೇ ಕುರಿತ 1975ರ ‘ಮಯೂರ’ ಇತ್ಯಾದಿಗಳು ಹಾಕಿಕೊಟ್ಟ ಪಂಕ್ತಿಯಲ್ಲಿ ಬರಬೇಕೆಂಬುದು ರೂಢಿ: ಸಿಂಹಾಸನ, ಸಭಾಮಂಟಪ, ಕಿರೀಟ, ಧ್ವಜ, ಸಾಲು ಸಾಲಾಗಿ ನಿಂತ ಸೈನಿಕರು. ಆ ಚಿತ್ರಗಳನ್ನು ಹಳಿಯುವ ಉದ್ದೇಶ ನನ್ನದಲ್ಲ. ಅವುಗಳಲ್ಲಿ ಮಾತಿನ ಗಾಂಭೀರ್ಯವೂ ನಟ ರಾಜಕುಮಾರರ ದೇಹಭಾಷೆಯ ಘನತೆಯೂ ಇಂದಿಗೂ ಮೆಚ್ಚತಕ್ಕಂಥವೇ. ಆದರೆ ವೈಭವವನ್ನು ತೋರಿಸಹೊರಡುವ ಚಿತ್ರಕ್ಕೆ ಹಣ ಎಷ್ಟಿದ್ದರೂ ಸಾಲದು. ಸಾವಿರ ಸೈನಿಕರಿರಬೇಕಾದ ಕಡೆ ಐವತ್ತು ಮಂದಿಯನ್ನು ನಿಲ್ಲಿಸಿದಾಗ ಪ್ರೇಕ್ಷಕನ ಮನಸ್ಸು ಇಲ್ಲದ ಒಂಬೈನೂರ ಐವತ್ತು ಮಂದಿಯನ್ನು ಎಣಿಸತೊಡಗುತ್ತದೆ. ಕಾರ್ನಾಡರು ಮಾಡಿದ ಜಾಣತನವೆಂದರೆ ಐವತ್ತು ಮಂದಿಯೇ ಹೆಚ್ಚೆನ್ನಿಸುವಂಥ ಯುದ್ಧವನ್ನೇ ಆರಿಸಿಕೊಂಡದ್ದು. ಇವರ ಅರಸರಿಗೆ ಅರಮನೆಯಿಲ್ಲದಿರುವುದು ನಿರ್ಮಾಪಕರ ಬಡತನವಾಗಿ ಕಾಣುವುದಿಲ್ಲ, ಅರಸರದೇ ಬಡತನವಾಗಿ ಕಾಣುತ್ತದೆ. ಇವರ ಪಡೆಯಲ್ಲಿ ಜನ ಕಡಿಮೆಯಿರುವುದೇ ಕಥೆಯ ಚಾಲಕಶಕ್ತಿ, ಏಕೆಂದರೆ ಜನ ಕಡಿಮೆಯಿರುವೆಡೆಯಲ್ಲಿ ಮಾತ್ರ ಒಬ್ಬ ಕೂಲಿಯೋಧನ ಬೆಲೆ ಏರುತ್ತದೆ. ಅಲ್ಪವ್ಯಯದ ಚಿತ್ರವೊಂದು ತನ್ನ ಅಲ್ಪತೆಯನ್ನು ಮುಚ್ಚಿಡದೆ ಅದನ್ನೇ ಕಥಾವಸ್ತುವಾಗಿ ಮಾರ್ಪಡಿಸಿದ ನಿದರ್ಶನ ಇದಕ್ಕಿಂತ ಸ್ಫುಟವಾದದ್ದು ನಮ್ಮಲ್ಲಿ ದುರ್ಲಭ.

ಇತಿಹಾಸದ ದೃಷ್ಟಿಯಿಂದಲೂ ಈ ಅಳತೆ ಸತ್ಯವಾದದ್ದೆಂಬುದಕ್ಕೆ ಕರ್ನಾಟಕದ ಊರೂರುಗಳಲ್ಲಿ ಮಳೆಗೆ ಸವೆಯುತ್ತ ನಿಂತಿರುವ ವೀರಗಲ್ಲುಗಳೇ ಸಾಕ್ಷಿ. ನಮ್ಮ ಇತಿಹಾಸ ಪುಸ್ತಕಗಳು ತಾಳಿಕೋಟೆಯಂಥ ಮಹಾಯುದ್ಧಗಳಲ್ಲಿ ಮಗ್ನವಾಗಿವೆಯಾದರೂ, ಈ ಕಲ್ಲುಗಳನ್ನು ಓದುತ್ತ ಹೋದವರಿಗೆ ತಿಳಿಯುವುದೇನೆಂದರೆ, ಮಧ್ಯಯುಗದ ಕನ್ನಡಿಗನು ಸತ್ತದ್ದು ಬಹುಮಟ್ಟಿಗೆ ಸಣ್ಣ ಜಗಳಗಳಲ್ಲಿ: ತುರುಗಳನ್ನು ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ, ಊರ ಗಡಿಯ ತಕರಾರಿನಲ್ಲಿ, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ, ಅಥವಾ ಪಕ್ಕದ ನಾಡಿನ ನಾಯಕನ ಮುನಿಸಿಗೆ ಆಹುತಿಯಾಗಿ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಶಿಲ್ಪಿಯು ಇಬ್ಬರನ್ನೋ ಮೂವರನ್ನೋ ಕಡೆದು ಇದೇ ಯುದ್ಧವೆನ್ನುತ್ತಾನೆ. ಒಬ್ಬ ಬಿಲ್ಲು ಹಿಡಿದಿದ್ದಾನೆ, ಒಬ್ಬ ಕತ್ತಿ ಎತ್ತಿದ್ದಾನೆ, ಕಾಲ ಬಳಿ ಒಬ್ಬ ಬಿದ್ದಿದ್ದಾನೆ, ಒಂದು ಹಸು ತಲೆಯೆತ್ತಿ ನೋಡುತ್ತಿದೆ. ಶಿಲ್ಪಿಗೂ ಜಾಗ ಕಡಿಮೆ, ಊರವರ ದುಡ್ಡೂ ಕಡಿಮೆ. ಆದುದರಿಂದಲೇ ಅವನು ಪ್ರತಿಯೊಂದು ಮೈಯ ಬಾಗು ತಿರುವುಗಳನ್ನು ಗಮನವಿಟ್ಟು ಕಡೆಯಬೇಕಾಯಿತು. ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕಾಳಗಗಳ ಅಳತೆ ಈ ಕೆಳಗಿನ ಪಟ್ಟಿಕೆಯ ಅಳತೆ. ಕರಾವಳಿಯ ನಮಗೆ ಈ ಅಳತೆ ಹೊಸದಲ್ಲ. ಸೋದೆಯ ಅರಸರ ಸದಾಶಿವಗಡ ಕಾಳಿಯ ಅಳಿವೆಯ ಬಳಿ ಇಂದಿಗೂ ನಿಂತಿದೆ, ಅಂಕೋಲೆಯಲ್ಲಿ ಒಂದು ಕೋಟೆಯಿದೆ, ಮಿರ್ಜಾನದಲ್ಲಿ ಒಂದಿದೆ. ಹೆಜ್ಜೆಗೊಬ್ಬ ನಾಯಕ, ಹೊಳೆಗೊಂದು ಕೋಟೆ, ಋತುವಿಗೊಂದು ವೈರ ಎಂಬಂತಿದ್ದ ನಾಡು ಇದು.

ಆದರೆ ವೀರಗಲ್ಲಿಗೆ ಇನ್ನೂ ಎರಡು ಪಟ್ಟಿಕೆಗಳುಂಟು. ನಡುವಣದರಲ್ಲಿ ಸತ್ತವನನ್ನು ಅಪ್ಸರೆಯರು ಇಕ್ಕೆಲಗಳಲ್ಲಿ ಹಿಡಿದು ಮೇಲಕ್ಕೊಯ್ಯುತ್ತಾರೆ. ಮೇಲಣದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುತ್ತಾನೆ. ಕೆಳಗಿನ ಹಿಂಸೆಗೆ ಮೇಲಿನ ಸ್ವರ್ಗವೇ ಸಮಜಾಯಿಷಿ. ಹೊಯ್ಸಳರ ಕಾಲದಲ್ಲಿಯಂತೂ ಈ ಸ್ವಾಮಿನಿಷ್ಠೆ ಪರಾಕಾಷ್ಠೆಯನ್ನು ಮುಟ್ಟಿತ್ತು. ಒಡೆಯನೊಡನೆ ಸಾಯುವುದೇ ವ್ರತವಾದ ಗರುಡರೆಂಬ ಯೋಧರ ಪರಂಪರೆ ಆ ಅರಸರ ಆಸ್ಥಾನದಲ್ಲಿತ್ತು. ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ತನ್ನ ಪತ್ನಿಯೊಡನೆಯೂ ಸಾವಿರ ಮಂದಿ ಯೋಧರೊಡನೆಯೂ ಪ್ರಾಣಾರ್ಪಣೆ ಮಾಡಿದ ವೃತ್ತಾಂತವನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭಶಾಸನ ಇಂದಿಗೂ ಸಾರುತ್ತಿದೆ. ತಮ್ಮ ಕುತ್ತಿಗೆಯನ್ನು ತಾವೇ ಕೊಯ್ದುಕೊಳ್ಳುತ್ತಿರುವ ಆಕೃತಿಗಳು ಆ ಕಂಬದ ಮೇಲಿವೆ. ಉಂಡ ಜೋಳದ ಋಣಕ್ಕೆ ತಲೆಯನ್ನೊಪ್ಪಿಸುವ ಈ ಧರ್ಮ ಪಂಪನ ಕರ್ಣನ ಕಾಲದಿಂದಲೂ ಕನ್ನಡದ ಕಲ್ಪನೆಯನ್ನು ಆಳಿದೆ; ಬಯಲಾಟದ ಕರ್ಣಪರ್ವದಲ್ಲಿ ಅರ್ಥಧಾರಿ ಕಣ್ಣೀರು ತರಿಸುವುದೂ ಈ ಋಣದ ಮಾತಿನಿಂದಲೇ.

ಕಾರ್ನಾಡರು ತಮ್ಮ ಕಥೆಗೆ ಹೊಯ್ಸಳರ ಕಾಲವನ್ನೇ ಆರಿಸಿಕೊಂಡು, ಈ ಮೇಲಿನ ಎರಡು ಪಟ್ಟಿಕೆಗಳನ್ನು ಒಡೆದುಹಾಕಿದ್ದಾರೆಂಬುದೇ ನನ್ನ ದೃಷ್ಟಿಯಲ್ಲಿ ಚಿತ್ರದ ಮುಖ್ಯ ಸಾಧನೆ. ಗಂಡುಗಲಿಗೆ ಸ್ವರ್ಗದ ಆಸೆಯಿಲ್ಲ. ಅನ್ನ ಹಾಕಿದವನಿಗೆ ದುಡಿಯುತ್ತಾನೆ, ಆದರೆ ಅನ್ನವನ್ನು ಋಣವೆಂದು ಭಾವಿಸದೆ ಕೂಲಿಯೆಂದು ಭಾವಿಸುತ್ತಾನೆ. ಪೆರ್ಮಾಡಿಯಾದರೋ ಋಣವನ್ನು ನಂಬಿದವನು. ಒಡೆಯನಿಂದ ಅವಮಾನಿತನಾದಾಗ ಅವನೊಳಗೆ ಮುರಿಯುವುದು ಬರಿಯ ಅಭಿಮಾನವಾಗಿರದೆ ಸಾವಿರಾರು ವೀರಗಲ್ಲುಗಳ ಹಿಂದಿದ್ದ ನಂಬಿಕೆಯೇ ಆಗಿದೆ. ಬಯಲಾಟ ಕೇಳುವ ಪ್ರಶ್ನೆಯನ್ನೇ ಚಿತ್ರವೂ ಕೇಳುತ್ತದೆ, ನೀನು ಯಾರ ಪರ ಎಂದು. ಆದರೆ ಕರ್ಣನು ಕೊಡುವ ಉತ್ತರವನ್ನು ಇಲ್ಲಿ ಯಾರೂ ಕೊಡಲಾರರು. ಕೇಳಿದ ಪ್ರಶ್ನೆಗೆ ಪರಂಪರೆಯ ಉತ್ತರ ಒದಗದೆ ಹೋದಾಗ ಕತ್ತಿ ಹಿಡಿದ ಕೈ ಏನು ಮಾಡೀತೆಂಬ ಕುತೂಹಲವೇ ಇಲ್ಲಿಯ ಹೊಡೆದಾಟಗಳಿಗೆ ಬಿಗುವನ್ನು ತಂದುಕೊಡುತ್ತದೆ. ತುರ್ತು ಪರಿಸ್ಥಿತಿ ಮುಗಿದು ಹೆಚ್ಚು ದಿನವಾಗಿರದ 1978ರಲ್ಲಿ, ನಿಷ್ಠೆಯೆಂಬ ಗುಣವನ್ನು ಸಂಶಯದಿಂದ ನೋಡುವ ಚಿತ್ರವೊಂದು ಬಂದುದು ಕೇವಲ ಕಾಕತಾಳೀಯವೋ ಅಲ್ಲವೋ ಹೇಳಲಾರೆ. ‘ತುಘಲಕ್’ ಬರೆದ ಲೇಖನಿಗೆ ಅರಸೊತ್ತಿಗೆಯ ಮೇಲೆ ಸಂಶಯ ಹೊಸದೇನೂ ಅಲ್ಲ.

ಅಕಿರಾ ಕುರೊಸಾವಾ ಅವರ ಪ್ರಭಾವವನ್ನು ಚಿತ್ರ ಬಚ್ಚಿಡುವುದಿಲ್ಲ. 1954ರ ‘ಸೆವೆನ್ ಸಮುರಾಯ್’ ಚಿತ್ರದಲ್ಲಿ ಹಳ್ಳಿಗರಿಗೆ ಯುದ್ಧ ಕಲಿಸುವ ಕೂಲಿಯೋಧರಿದ್ದಾರೆ. 1961ರ ‘ಯೋಜಿಂಬೋ’ದಲ್ಲಿ ಪರಸ್ಪರ ಕಾದಾಡುವ ಎರಡು ಗುಂಪುಗಳ ನಡುವೆ ಎರಡು ಕಡೆಯ ಹಣವನ್ನೂ ಎಣಿಸುತ್ತ ನಿಲ್ಲುವ ಅಲೆಮಾರಿ ಖಡ್ಗಧಾರಿಯಿದ್ದಾನೆ. ಇವನನ್ನೇ ಇಟಲಿಯ ಸರ್ಜಿಯೋ ಲಿಯೋನೆ 1964ರಲ್ಲಿ ಪಿಸ್ತೂಲಿನ ನಾಡಿಗೆ ಸಾಗಿಸಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದರು. ಆದುದರಿಂದ ಕಾರ್ನಾಡರ ಮೇಲೆ ಅನುಕರಣದ ಆರೋಪ ಹೊರಿಸುವವರು ಅರ್ಧ ಜಗತ್ತಿನ ಮೇಲೆ ಅದನ್ನು ಹೊರಿಸಬೇಕಾದೀತು. ಕೇಳಬೇಕಾದ ಪ್ರಶ್ನೆ ಬೇರೆ: ಜಪಾನಿನ ಒಡೆಯನಿಲ್ಲದ ಸಮುರಾಯ್ ಒಂದು ನಿರ್ದಿಷ್ಟ ಸಮಾಜವ್ಯವಸ್ಥೆಯ ಕುಸಿತದಿಂದ ಹುಟ್ಟಿದವನು, ಅವನ ಹಿಂದೆ ಒಂದು ವರ್ಗವಿದೆ, ಆ ವರ್ಗಕ್ಕೊಂದು ಶಿಷ್ಟಾಚಾರವಿದೆ. ನಮ್ಮ ಗಂಡುಗಲಿಯ ಹಿಂದೆ ಏನಿದೆ? ಅವನು ಯಾವ ಜಾತಿಯವನು, ಯಾವ ಊರಿನವನು, ಕತ್ತಿ ಕಲಿತದ್ದು ಯಾವ ಗರಡಿಯಲ್ಲಿ? ಹದಿಮೂರನೆಯ ಶತಮಾನದ ಕರ್ನಾಟಕದಲ್ಲಿ ಜಾತಿ ಊರುಗಳಿಲ್ಲದ ಮನುಷ್ಯ ಎರಡು ದಿನವೂ ಬಾಳಲಾರ. ಚಿತ್ರ ಈ ಪ್ರಶ್ನೆಗಳ ಬಳಿ ನಿಲ್ಲದೆ ವೇಗವಾಗಿ ಸಾಗಿಬಿಡುತ್ತದೆ. ಗಂಡುಗಲಿಯ ನಗೆಯಲ್ಲಿಯೂ ವ್ಯಂಗ್ಯದಲ್ಲಿಯೂ ಇಪ್ಪತ್ತನೆಯ ಶತಮಾನದ ಪಟ್ಟಣದ ಗಾಳಿ ಆಗಾಗ ಬೀಸುವುದು ಈ ಕಾರಣದಿಂದಲೇ. ಇದು ಚಿತ್ರದ ದೋಷಗಳಲ್ಲಿ ಗಣ್ಯವಾದದ್ದು.

ಆದರೂ ಕುರೊಸಾವಾ ಅವರಿಗಿದ್ದ ಸೌಕರ್ಯ ಕಾರ್ನಾಡರಿಗಿರಲಿಲ್ಲವೆಂಬುದನ್ನು ನೆನೆಯಬೇಕು. ‘ಸೆವೆನ್ ಸಮುರಾಯ್’ ಜಪಾನಿನಲ್ಲಿ ಅಲ್ಲಿಯವರೆಗೆ ತಯಾರಾದ ಚಿತ್ರಗಳಲ್ಲೆಲ್ಲ ದುಬಾರಿಯಾದದ್ದು. ಚಿತ್ರೀಕರಣಕ್ಕೆ ಸುಮಾರು ಒಂದು ವರ್ಷ ಹಿಡಿಯಿತು. ಮಳೆಯ ಕಡೆಯ ಕಾಳಗವನ್ನು ಏಕಕಾಲಕ್ಕೆ ಹಲವು ಕ್ಯಾಮೆರಾಗಳಿಂದ ಹಿಡಿಯಲಾಯಿತು. ಬಡವರ ಚಿತ್ರಕ್ಕೆ ಹೋಲಿಕೆ ಹುಡುಕುವುದಾದರೆ ಹಾಂಗ್‌ಕಾಂಗಿನತ್ತ ನೋಡಬೇಕು. 1971ರಲ್ಲಿ ಲೋ ವೇ ನಿರ್ದೇಶನದಲ್ಲಿ ಬ್ರೂಸ್ ಲೀ ನಟಿಸಿದ ‘ದಿ ಬಿಗ್ ಬಾಸ್’ ಥಾಯ್ಲೆಂಡಿನಲ್ಲಿ ಅಲ್ಪ ಹಣದಲ್ಲಿ ಮುಗಿಸಿದ ಚಿತ್ರ. ಅದರ ನಾಯಕ ಮಂಜುಗಡ್ಡೆ ಕಾರ್ಖಾನೆಯ ಕೂಲಿ. ಕಥೆ ಪೇಲವ, ಹಿನ್ನೆಲೆ ದರಿದ್ರ, ಸಂಭಾಷಣೆ ಹೇಳಿಕೊಳ್ಳುವಂಥದಲ್ಲ. ಆದರೆ ಆ ಒಂದು ಮೈ ತೆರೆಯನ್ನು ತುಂಬಿತು, ಚಿತ್ರ ಏಷ್ಯಾದ ಊರೂರುಗಳಲ್ಲಿ ಓಡಿತು. ಮೈಯೊಂದನ್ನುಳಿದು ಬೇರಾವ ಐಶ್ವರ್ಯವೂ ಇಲ್ಲದ ಚಿತ್ರ ಮೈಯನ್ನು ಅಡಿಯಿಂದ ಮುಡಿಯವರೆಗೆ ತೋರಿಸಲೇಬೇಕಾಗುತ್ತದೆ. ಪಾದ ಊರಿದ ನೆಲ ಕಾಣಬೇಕು, ಸೊಂಟದ ತಿರುವು ಕಾಣಬೇಕು, ಪೆಟ್ಟು ಹೊರಟ ಜಾಗವೂ ತಲಪಿದ ಜಾಗವೂ ಒಂದೇ ಚೌಕಟ್ಟಿನಲ್ಲಿರಬೇಕು. ಬಯಲಾಟವನ್ನು ನೋಡುವ ನಮಗೆ ಇದು ಸಹಜವಾಗಿಯೇ ಒಗ್ಗುತ್ತದೆ, ಏಕೆಂದರೆ ರಂಗಸ್ಥಳದಲ್ಲಿ ವೇಷಧಾರಿಯ ಮೈ ತುಂಡುತುಂಡಾಗಿ ಕಾಣುವ ಪ್ರಶ್ನೆಯೇ ಇಲ್ಲ. ಹೆಜ್ಜೆ ತಪ್ಪಿದವನಿಗೆ ಅಲ್ಲಿ ಅಡಗಲು ತಾವಿಲ್ಲ.

ಬೀರ್ ಅವರ ಕ್ಯಾಮೆರಾ ಈ ಮರ್ಯಾದೆಯನ್ನು ಅರಿತಿದೆ. ‘27 ಡೌನ್’ ಚಿತ್ರದಲ್ಲಿ ರೈಲುಗಾಡಿಯ ಇಕ್ಕಟ್ಟನ್ನು ಕಪ್ಪು ಬಿಳುಪಿನಲ್ಲಿ ಹಿಡಿದು ರಾಷ್ಟ್ರಪ್ರಶಸ್ತಿ ಪಡೆದಿದ್ದ ಅವರು, ಇಲ್ಲಿ ಕಾಡಿನ ವೈಶಾಲ್ಯವನ್ನು ಬಣ್ಣದಲ್ಲಿ ಹಿಡಿಯುವಾಗಲೂ, ಮರಗಳ ನಡುವೆ ಬರುವ ಬೆಳಕನ್ನು ಅದಿದ್ದಂತೆಯೇ ಬರಗೊಟ್ಟಿದ್ದಾರೆ. ಕಾಳಗದ ಹಿನ್ನೆಲೆಗೆ ಕಾಡೇ ಇರುವುದರಿಂದ ಆಗಿರುವ ಲಾಭ ದೊಡ್ಡದು: ನೆಲ ಸಮತಟ್ಟಲ್ಲ, ಬೇರು ತೊಡರುತ್ತದೆ, ಕತ್ತಿ ಬೀಸಲು ಮರ ಅಡ್ಡ, ಅಡಗಿದವನು ಎಲ್ಲಿಂದಲಾದರೂ ಬಂದಾನು. ಯೋಧನ ಚಾತುರ್ಯವೆಂದರೆ ಎದುರಾಳಿಯನ್ನು ಬಲ್ಲುದಷ್ಟೇ ಆಗದೆ ನೆಲವನ್ನೂ ಬಲ್ಲುದು ಎಂಬುದನ್ನು ಚಿತ್ರ ಮಾತಿಲ್ಲದೆ ಮನಗಾಣಿಸುತ್ತದೆ. ಚಂದಾವರಕರರ ಸಂಗೀತವೂ ಅನಗತ್ಯವಾಗಿ ಅಬ್ಬರಿಸದೆ, ಪೆಟ್ಟು ಪೆಟ್ಟಿಗೂ ತುತ್ತೂರಿಯೂದುವ ಚಾಳಿಯಿಂದ ದೂರ ಉಳಿದಿದೆ.

ಯುದ್ಧಕಲೆಯ ಪರಂಪರೆ ನಮ್ಮಲ್ಲಿಲ್ಲವೆಂದೂ ಅದು ಚೀನಾ ಜಪಾನುಗಳ ಸೊತ್ತೆಂದೂ ಭಾವಿಸುವವರು ಇಂದಿಗೂ ಉಂಟು. ಆದರೆ ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ವ್ಯಾಯಾಮ, ಪಟ್ಟುಗಳನ್ನು ವರ್ಣಿಸಿದ್ದಾನೆ, ಮೈಸೂರಿನ ಜಟ್ಟಿಗಳು ಇಂದಿಗೂ ದಸರೆಯಲ್ಲಿ ವಜ್ರಮುಷ್ಟಿ ಧರಿಸಿ ಸೆಣಸುತ್ತಾರೆ, ತಲೆಯಿಂದ ನೆತ್ತರು ಇಣುಕಿದೊಡನೆ ಕಾಳಗ ನಿಲ್ಲುತ್ತದೆ. ಈ ಕೊನೆಯ ನಿಯಮ ಕುತೂಹಲಕರ. ಒಂದು ತೊಟ್ಟು ನೆತ್ತರಿಗೆ ನಿಲ್ಲುವ ಕಾಳಗದಲ್ಲಿ ಆ ಒಂದು ತೊಟ್ಟಿಗೆ ಎಷ್ಟು ಬೆಲೆ! ಸಿನೆಮಾದಲ್ಲಿ ಕೊಡಗಟ್ಟಲೆ ಬಣ್ಣದ ನೀರು ಚೆಲ್ಲುವವರು ಒಮ್ಮೆ ಮೈಸೂರಿಗೆ ಹೋಗಿ ಬರಬೇಕು.

‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕಾಳಗಗಳಲ್ಲಿ ನನಗೆ ಮೆಚ್ಚಾದುದು ಇದೇ ಮಿತವ್ಯಯ. ಇಲ್ಲಿ ಹೊಡೆದಾಟ ದಣಿವನ್ನು ತರುತ್ತದೆ. ಗಂಡುಗಲಿ ಗೆಲ್ಲುತ್ತಾನೆಂಬುದನ್ನು ನಾವು ಹೇಗೋ ಬಲ್ಲೆವಾದರೂ, ಗೆಲ್ಲುವುದಕ್ಕೆ ಅವನು ತೆತ್ತ ಉಸಿರನ್ನು ಲೆಕ್ಕ ಹಾಕಬಲ್ಲೆವು. ಕಸುಬುದಾರನ ಕತ್ತಿ ಅನವಶ್ಯಕವಾಗಿ ಒರೆಯಿಂದ ಹೊರಬರುವುದಿಲ್ಲ; ಕಮ್ಮಾರನಿಗೆ ಸುತ್ತಿಗೆಯ ಮೇಲಿರುವ ಗೌರವ ಅವನಿಗೆ ಅದರ ಮೇಲಿದೆ. ಹಳ್ಳಿಯ ಸೈನಿಕರಿಗೆ ಅವನು ವಿದ್ಯೆ ಕಲಿಸುವ ಭಾಗಗಳಲ್ಲಿ ಹಾಸ್ಯವಿದೆ, ಆದರೆ ಹಾಸ್ಯದ ಕೆಳಗೆ ಒಂದು ಕ್ರೌರ್ಯವೂ ಇದೆ: ನಿನ್ನೆಯವರೆಗೆ ನೇಗಿಲು ಹಿಡಿದವನು ಇಂದು ಕತ್ತಿ ಕಲಿತು ನಾಳೆ ಯಾರದೋ ದಾಯಾದಿ ಜಗಳಕ್ಕೆ ಸಾಯಲಿದ್ದಾನೆ, ಕಲಿಸುವವನಿಗೂ ಅದು ಗೊತ್ತು. ‘ಕಾಡು’ ಚಿತ್ರದಲ್ಲಿ ಎರಡು ಹಳ್ಳಿಗಳ ವೈರವನ್ನು ಕಿಟ್ಟಿಯೆಂಬ ಬಾಲಕನ ಬೆದರಿದ ಕಣ್ಣುಗಳಿಂದ ತೋರಿಸಿದ್ದ ಕಾರ್ನಾಡರು, ಇಲ್ಲಿ ಅದೇ ವೈರವನ್ನು ಅದರಿಂದ ಹೊಟ್ಟೆ ಹೊರೆಯುವವನ ಕಣ್ಣುಗಳಿಂದ ತೋರಿಸುತ್ತಾರೆ. ಬಾಲಕನಿಗೆ ತಿಳಿಯದೆ ಹೋದದ್ದು ಇವನಿಗೆ ತೀರ ಚೆನ್ನಾಗಿ ತಿಳಿದಿದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದವರಿಗೆ, ಒಂದು ವಿಮರ್ಶಕರ ಚಿತ್ರ ಇನ್ನೊಂದು ಪಾಮರರ ಚಿತ್ರವೆಂದು ಇವುಗಳ ನಡುವೆ ಎಳೆಯುವ ಗೆರೆ ಅರ್ಥಹೀನವೆನ್ನಿಸದಿರದು.

ದೋಷಗಳ ವಿಚಾರಕ್ಕೆ ಮರಳುವುದಾದರೆ, ನಾಟಕಕಾರನ ಕೈ ಅಲ್ಲಲ್ಲಿ ನಿರ್ದೇಶಕನ ಕೈಯನ್ನು ಹಿಡಿದೆಳೆದಿದೆ. ಚುರುಕಾದ ಮಾತನ್ನು ಬರೆಯಬಲ್ಲವನಿಗೆ ಬರೆಯದಿರುವುದು ಕಷ್ಟ. ಮುಖವೇ ಹೇಳಿ ಮುಗಿಸಿದ್ದನ್ನು ಬಾಯಿ ಮತ್ತೊಮ್ಮೆ ಹೇಳುವ ಪ್ರಸಂಗಗಳುಂಟು. ಸ್ತ್ರೀಪಾತ್ರಗಳಿಗೆ ದೊರೆತ ಅವಕಾಶ ಅಲ್ಪ. ಗಂಡಸರ ಕತ್ತಿಗಳು ಯಾವ ಮನೆಗಳನ್ನು ಉರುಳಿಸುತ್ತವೆಯೋ ಆ ಮನೆಗಳೊಳಗೆ ಕ್ಯಾಮೆರಾ ಸಾಕಷ್ಟು ಹೊತ್ತು ಕೂರುವುದಿಲ್ಲ. ಅಣ್ಣತಮ್ಮಂದಿರ ಪಾತ್ರಗಳು ಅವರ ಸೇವಕರ ಪಾತ್ರಗಳಷ್ಟು ಆಳಕ್ಕಿಳಿಯದೆ ಲೋಭ ಮತ್ತು ಅಳುಕುಗಳ ಮಾದರಿಗಳಾಗಿ ಉಳಿಯುತ್ತವೆ. ಎರಡೂವರೆ ಗಂಟೆಯನ್ನು ಮೀರುವ ಚಿತ್ರವನ್ನು ಇನ್ನಷ್ಟು ಬಿಗಿ ಮಾಡಬಹುದಿತ್ತೆಂಬುದು ನನ್ನ ಅಭಿಪ್ರಾಯ. ಮಿತವ್ಯಯವನ್ನು ಕತ್ತಿಯಲ್ಲಿ ಸಾಧಿಸಿದವರು ಕತ್ತರಿಯಲ್ಲಿಯೂ ಸಾಧಿಸಬೇಕಿತ್ತು.

ಚಿತ್ರದ ನಂತರ ನಡೆದದ್ದು ಇನ್ನೊಂದು ಕಥೆ, ಸ್ವಲ್ಪ ಖೇದದ ಕಥೆ. 1979ರಲ್ಲಿ ವಿ. ಸೋಮಶೇಖರ್ ಅವರ ‘ಸೀತಾರಾಮು’ ಬಂದಿತು, ಮರುವರ್ಷ ‘ಆಟೋ ರಾಜ’; ಶಂಕರನಾಗ್ ನೋಡನೋಡುತ್ತಿದ್ದಂತೆ ಜನಪ್ರಿಯ ನಟರಾದರು, ಅಭಿಮಾನಿಗಳು ಅವರಿಗೆ ‘ಕರಾಟೆ ಕಿಂಗ್’ ಎಂಬ ಬಿರುದನ್ನು ಕೊಟ್ಟರು. ಬ್ರೂಸ್ ಲೀ 1973ರಲ್ಲಿಯೇ ತೀರಿಕೊಂಡಿದ್ದರೂ ಅವರ ಭಿತ್ತಿಚಿತ್ರಗಳು ನಮ್ಮ ಪೇಟೆಗಳ ಕ್ಷೌರದಂಗಡಿಗಳಲ್ಲಿ ಮೆರೆಯುತ್ತಿದ್ದ ಕಾಲ ಅದು. ಕನ್ನಡಕ್ಕೂ ಅಂಥ ಒಬ್ಬ ಬೇಕಿತ್ತು, ಕೃಶಕಾಯದ ಮಿಂಚಿನ ಚಲನೆಯ ಈ ತರುಣ ಸಿಕ್ಕಿದರು. ಆದರೆ ಚಿತ್ರೋದ್ಯಮ ಆ ಮೈಯಿಂದ ಕಲಿತದ್ದು ಕಾಲು ಎಷ್ಟು ಎತ್ತರಕ್ಕೆ ಏಳುತ್ತದೆಂಬುದನ್ನು ಮಾತ್ರ. ಗಂಡುಗಲಿಯ ಮೈಯನ್ನು ಇಡಿಯಾಗಿ ತೋರಿಸಿದ್ದ ತೆರೆ ಈಗ ಅದನ್ನು ತುಂಡರಿಸಿತು: ಒಂದು ಚೂರಿನಲ್ಲಿ ಮುಷ್ಟಿ, ಇನ್ನೊಂದರಲ್ಲಿ ಹಾರಿಬೀಳುವ ಖಳ, ನಡುವೆ ‘ಢಿಶುಂ’ ಎಂಬ ಸದ್ದು. ಪೆಟ್ಟು ಎಲ್ಲಿಂದ ಹೊರಟಿತು ಎಲ್ಲಿ ತಲಪಿತು ಎಂಬುದನ್ನು ನಾವು ಆ ಸದ್ದಿನಿಂದ ಊಹಿಸಿಕೊಳ್ಳಬೇಕು. ಬಯಲಾಟದಲ್ಲಿಯೂ ಪೆಟ್ಟನ್ನು ಹೇಳುವುದು ಸದ್ದೇ ಅಲ್ಲವೆ ಎಂದು ಯಾರಾದರೂ ಕೇಳಿಯಾರು. ಆದರೆ ಚಂಡೆಯ ಪೆಟ್ಟು ಹೆಜ್ಜೆಗೆ ಬದ್ಧವಾದದ್ದು, ಹೆಜ್ಜೆಯಿಲ್ಲದೆ ಅದು ಹುಟ್ಟದು. ಈ ಸದ್ದಿಗೆ ಯಾವ ಹೆಜ್ಜೆಯ ಹಂಗೂ ಇಲ್ಲ.

ಆ ಚಿತ್ರಗಳು ರಂಜಿಸಲಿಲ್ಲವೆಂದು ನಾನು ಹೇಳೆನು. ಶಂಕರನಾಗ್ ಅವರ ಮುಖದಲ್ಲಿದ್ದ ಪ್ರಾಮಾಣಿಕತೆಯಿಂದ ಎಷ್ಟೋ ದುರ್ಬಲ ಕಥೆಗಳು ದಡ ಸೇರಿದವು. ಹಾಗೆ ಗಳಿಸಿದ ಜನಪ್ರೀತಿಯ ಬಲದಿಂದ ಅವರು ಸ್ವತಃ ನಿರ್ದೇಶಿಸಿದ ‘ಮಿಂಚಿನ ಓಟ’, ‘ಆಕ್ಸಿಡೆಂಟ್’, ದೂರದರ್ಶನದ ‘ಮಾಲ್ಗುಡಿ ಡೇಸ್’ ಇವುಗಳ ಗುಣವನ್ನು ಬಲ್ಲವರು, ಫೈಟಿಂಗ್ ಚಿತ್ರಗಳ ಸಂಭಾವನೆ ಯಾವ ಕೆಲಸಕ್ಕೆ ಆಸರೆಯಾಯಿತೆಂಬುದನ್ನು ಊಹಿಸಬಲ್ಲರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ನಡೆದ ರಸ್ತೆ ಅಪಘಾತ ಮೂವತ್ತೈದರ ಹರೆಯದಲ್ಲಿಯೇ ಅವರನ್ನು ಕೊಂಡೊಯ್ಯಿತು. ಮುಂದೆ 1996ರಲ್ಲಿ ಥ್ರಿಲ್ಲರ್ ಮಂಜು ಅವರ ‘ಪೊಲೀಸ್ ಸ್ಟೋರಿ’ ಯಶಸ್ವಿಯಾದಾಗ ಸಾಹಸ ನಿರ್ದೇಶಕನೇ ಚಿತ್ರದ ನಿರ್ದೇಶಕನಾಗಬಲ್ಲನೆಂಬುದು ಸಿದ್ಧವಾಯಿತು. ಅಲ್ಲಿಯ ಸಾಹಸ ದಿಟವಾಗಿಯೂ ಅಪಾಯಕರವಾದದ್ದು, ಮಾತು ಬೆಂಕಿಯಂಥದು, ಆದರೆ ನೀನು ಯಾರ ಪರವೆಂಬ ಪ್ರಶ್ನೆಗೆ ಖಾಕಿ ಉಡುಪು ಮೊದಲೇ ಉತ್ತರ ಹೇಳಿಬಿಟ್ಟಿರುವುದರಿಂದ, ಕತ್ತಿ ಹಿಡಿದ ಕೈಗೆ ಎರಡು ಮನಸ್ಸಾಗುವ ಸಂಭವ ಅಲ್ಲಿಲ್ಲ.

ಎರಡು ಮನಸ್ಸಿನ ಆ ಕೈಯ ಪೂರ್ಣ ಚಿತ್ರಣ ದೊರೆಯುವುದು, ನನ್ನ ಮಟ್ಟಿಗೆ, ಗಂಡುಗಲಿಗಿಂತಲೂ ಪೆರ್ಮಾಡಿಯಲ್ಲಿ. ಗಂಡುಗಲಿ ಆರಂಭದಿಂದಲೇ ಹಂಗಿಲ್ಲದವನು. ಕಳೆದುಕೊಳ್ಳಲು ಅವನಿಗೆ ಏನೂ ಇಲ್ಲ, ಆ ಹಗುರತನವನ್ನು ಶಂಕರನಾಗ್ ಅವರ ಮೈ ಅನಾಯಾಸವಾಗಿ ಹೊತ್ತಿದೆ. ಪೆರ್ಮಾಡಿಗೆ ಮನೆಯಿದೆ, ಮಾನವಿದೆ, ಒಡೆಯನಿದ್ದಾನೆ. ಅವನ ಹೆಜ್ಜೆ ಭಾರವಾದದ್ದು, ಅವನು ಕತ್ತಿಯೆತ್ತುವಾಗ ತೋಳಿನೊಡನೆ ಒಂದು ಆಯುಷ್ಯದ ನಂಬಿಕೆಯೂ ಮೇಲೇಳುತ್ತದೆ. ಸುಂದರಕೃಷ್ಣ ಅರಸರ ಆ ಗಡಸು ಕಂಠ, ವಿಶಾಲವಾದ ಎದೆ, ಅವಮಾನವನ್ನು ನುಂಗಿಕೊಂಡಾಗ ಕಲ್ಲಾಗುವ ಮುಖ ಇವುಗಳೆದುರಿಗೆ ಗಂಡುಗಲಿಯ ಚಾಪಲ್ಯಕ್ಕೆ ಅರ್ಥ ಬರುತ್ತದೆ. ಅವರಿಲ್ಲದಿದ್ದರೆ ಅದು ಚೆಲುವಾದ ಕಸರತ್ತಾಗಿ ಮುಗಿಯುತ್ತಿತ್ತು. ದ್ವಂದ್ವಯುದ್ಧದಲ್ಲಿ ಒಬ್ಬನಿಗೆ ಮಾತ್ರ ಬಹುಮಾನ ಕೊಡುವ ಪದ್ಧತಿ ಚಿತ್ರೋತ್ಸವಗಳದು. 1979ರ ಆ ಪ್ರಶಸ್ತಿಯಲ್ಲಿ ಅರ್ಧ ಅರಸರಿಗೆ ಸಲ್ಲಬೇಕಾಗಿತ್ತು.